ಸಭೆಗೆಲ್ಲ ಬೇಕಾದವರು ಮನೆಗೆ ಸಿಗದಿದ್ದಾಗ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟವಿದ್ದು, ರೇಷ್ಮೆ ಹುಳು ಸಾಕಿ ಜೀವನ ಮಾಡುತ್ತಿದ್ದೇವೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜತೆಗೇ ಇದ್ದಾರೆ. ನಮ್ಮ ಯಜಮಾನರು ಸಭೆಯ, ಅಂದರೆ ನಮ್ಮ ಚರ್ಚಿನ, ಕಾರ್ಯದರ್ಶಿಯಾಗಿ ಆರು ವರ್ಷವಾಯಿತು. ಯಾರು ಆಸ್ಪತ್ರೆ ಸೇರಿದರು, ಯಾರಿಗೆ ರಕ್ತ ಬೇಕು, ಯಾರ ಮನೆಯಲ್ಲಿ ಸಾವಾಯಿತು, ಎಲ್ಲದಕ್ಕೂ ಮೊದಲ ಫೋನು ಬರುವುದು ಇವರಿಗೇ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಕೆಟ್ಟ ಮಾತಿಲ್ಲ. ಆದರೆ ಕಳೆದ ಬೆಳೆಯಲ್ಲಿ ಹುಳು ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ, ದಿನವೇ ಪಕ್ಕದ ಊರಿನಲ್ಲಿ ಸಾವಾಯಿತೆಂದು ಹೊರಟುಹೋದರು. ನಾನು, ಎಪ್ಪತ್ತು ದಾಟಿದ ಅತ್ತೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿರುವ ಮಗಳು ಸೇರಿ ರಾತ್ರಿಯೆಲ್ಲ ಹುಳು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟಿಗೆ) ಬಿಟ್ಟೆವು. ಕೈ ಸಾಲದೆ ಎಷ್ಟೋ ಹುಳು ಹಾಸಿಗೆಯಲ್ಲೇ ಗೂಡು ಕಟ್ಟಿದವು, ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಯಿತು. ಮೊನ್ನೆ ಮಗಳು, “ಅಪ್ಪನ ಹತ್ತಿರ ಮಾತಾಡಬೇಕಾದರೆ ನಾನೂ ಆಸ್ಪತ್ರೆ ಸೇರಬೇಕು” ಎಂದಳು. ನಾನು ಮೊದಲು ಗಾಯನ ತಂಡದಲ್ಲಿ ಹಾಡುತ್ತಿದ್ದೆ, ಸ್ತ್ರೀಯರ ಕೂಟಕ್ಕೂ ಹೋಗುತ್ತಿದ್ದೆ, ಈಗ ಬಿಟ್ಟಿದ್ದೇನೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ಸತ್ಯವೇದದಲ್ಲೇ ಇದೆಯಲ್ಲ ಎಂದರೆ, “ದೇವರ ಕೆಲಸಕ್ಕೆ ಅಡ್ಡ ಬರಬೇಡ” ಎನ್ನುತ್ತಾರೆ. ನಾನು ಅಡ್ಡ ಬರುತ್ತಿದ್ದೇನೆಯೇ?
– ಒಬ್ಬ ಸಹೋದರಿ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಇಲ್ಲ ಸಹೋದರಿ, ನೀವು ಅಡ್ಡ ಬರುತ್ತಿಲ್ಲ. ಆರು ವರ್ಷಗಳಿಂದ ನಿಮ್ಮ ಯಜಮಾನರು ಮಾಡುತ್ತಿರುವ ಸೇವೆಯ ಅರ್ಧ ಭಾರವನ್ನು, ಯಾರ ವರದಿಯಲ್ಲೂ ಹೆಸರು ಬರದಂತೆ, ನೀವೇ ಹೊತ್ತಿದ್ದೀರಿ.

ಮೊದಲು ನೀವು ಎತ್ತಿದ ವಾಕ್ಯದ ಬಗ್ಗೆ ಒಂದು ಮಾತು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯವನ್ನು ಆರಂಭದಿಂದ ಓದಿದರೆ, ಅಲ್ಲಿನ ವಿಷಯ ವಿಧವೆಯರ ಪೋಷಣೆ ಎಂಬುದು ತಿಳಿಯುತ್ತದೆ. ಮಕ್ಕಳು, ಮೊಮ್ಮಕ್ಕಳು ಇರುವ ವಿಧವೆಯನ್ನು ಆಕೆಯ ಮನೆಯವರೇ ನೋಡಿಕೊಳ್ಳಲಿ, ಹಾಗಾದರೆ ನಿಜವಾಗಿ ದಿಕ್ಕಿಲ್ಲದವರಿಗೆ ಸಭೆ ಸಹಾಯ ಮಾಡಬಹುದು ಎಂಬ ಲೆಕ್ಕಾಚಾರದ ನಡುವೆ ಆ ಕಠಿಣವಾದ ಮಾತು ಬರುತ್ತದೆ. ನಿಮ್ಮ ಮನೆಯಲ್ಲಿ ಆ ವಿಧವೆ ನಿಮ್ಮ ಅತ್ತೆಯವರು, ಅವರ ಊಟ, ಔಷಧಿ, ಸ್ನಾನದ ನೀರು ಎಲ್ಲವನ್ನೂ ನೋಡಿಕೊಳ್ಳುತ್ತಿರುವವರು ಬಹುಶಃ ನೀವು. ಎಂದರೆ ಆ ವಾಕ್ಯ ನಿಮ್ಮ ಯಜಮಾನರಿಗೆ ವಿಧಿಸುವ ಕರ್ತವ್ಯವನ್ನು ಅವರ ಪರವಾಗಿ ನೀವು ನೆರವೇರಿಸುತ್ತಿದ್ದೀರಿ. ಹಾಗಿದ್ದರೂ ಜಗಳದ ಮಧ್ಯದಲ್ಲಿ ಆ ವಾಕ್ಯವನ್ನು ಪ್ರಯೋಗಿಸಬೇಡಿರಿ. ನಿಷ್ಠೆಯಿಂದ ದುಡಿಯುವ ಮನುಷ್ಯನಿಗೆ “ನಂಬದವನಿಗಿಂತ ಕಡೆ” ಎಂಬ ಮಾತು ಬಡಿದರೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ.

ಅದರ ಬದಲಿಗೆ ಒಂದು ಸಂಜೆ ಮನೆಯ ಪ್ರಾರ್ಥನೆಯಲ್ಲಿ ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ಅವರಿಂದಲೇ ಓದಿಸಿರಿ. ಮೋಶೆಯು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಕಂಡು ಅವನ ಮಾವನಾದ ಇತ್ರೋ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಹೇಳಿದ ಪ್ರಸಂಗವನ್ನು ಸಭೆಗಳಲ್ಲಿ ಆಗಾಗ ಬೋಧಿಸುತ್ತಾರೆ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು ಎಂಬ ಸಲಹೆಯೂ ಎಲ್ಲರಿಗೆ ಗೊತ್ತು. ಆದರೆ ಅದೇ ಅಧ್ಯಾಯದ ಆರಂಭದ ವಚನಗಳನ್ನು ಬೋಧಕರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಮೋಶೆಯು ತನ್ನ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡು ಮಕ್ಕಳನ್ನೂ ತವರಿಗೆ ಕಳುಹಿಸಿಬಿಟ್ಟಿದ್ದನು. ಇತ್ರೋ ಬಂದದ್ದು ಅವರನ್ನು ಕರೆದುಕೊಂಡು. ಮಾವನು ಹೆಂಡತಿ ಮಕ್ಕಳನ್ನು ತಂದು ಮುಂದೆ ನಿಲ್ಲಿಸಿದ ಮರುದಿನವೇ ಮೋಶೆ ಮತ್ತೆ ಬೆಳಗಿನಿಂದ ಸಂಜೆಯವರೆಗೆ ನ್ಯಾಯಪೀಠದಲ್ಲಿ ಕುಳಿತಿದ್ದನು! ಕೆಲಸವನ್ನು ಹಂಚಿಕೊಡು ಎಂಬ ಸಲಹೆಯನ್ನು ನಾವು ಆಡಳಿತದ ಪಾಠವೆಂದು ಓದುತ್ತೇವೆ. ಹೇಳಿದವನು ಹೆಣ್ಣು ಕೊಟ್ಟ ಮಾವನೆಂಬುದನ್ನು ನೆನಪಿಟ್ಟು ಓದಿದರೆ ಅದರ ಬಿಸಿ ಬೇರೆಯಾಗಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ತಪ್ಪು ನಿಮ್ಮ ಯಜಮಾನರಿಗಿಂತ ಹೆಚ್ಚಾಗಿ ಸಭೆಯದು. ಕರೆದಾಗಲೆಲ್ಲ ಬರುವ ಒಬ್ಬರು ಸಿಕ್ಕರೆ ಉಳಿದವರು ಫೋನು ಮಾಡುವುದನ್ನೇ ತಮ್ಮ ಸೇವೆಯೆಂದು ತಿಳಿದು ಸುಮ್ಮನಾಗುತ್ತಾರೆ. ನಿಮ್ಮ ಸೀಮೆಯಲ್ಲೇ ಇದಕ್ಕೆ ವಿರುದ್ಧವಾದ ನಿದರ್ಶನಗಳಿವೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ತೆರೆದು ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಸ್ಪತ್ರೆಯೆಂದು ಹೆಸರಾಗಿರುವುದನ್ನಾಗಲಿ, ಕೋಲಾರದ ಮೆಥೊಡಿಸ್ಟರ ಇ.ಟಿ.ಸಿ.ಎಂ. ಆಸ್ಪತ್ರೆಯನ್ನಾಗಲಿ ನೋಡಿರಿ. ಅಲ್ಲಿಯೂ ಸೇವೆಯ ಹೆಸರಿನಲ್ಲೇ ಕೆಲಸ ನಡೆದದ್ದು. ಆದರೆ ರಾತ್ರಿ ಪಾಳಿಯ ದಾದಿ ಬೆಳಿಗ್ಗೆ ಇನ್ನೊಬ್ಬರಿಗೆ ಕೆಲಸ ಒಪ್ಪಿಸಿ ಮನೆಗೆ ಹೋಗಿ ಮಲಗುತ್ತಾಳೆ. ಅದರಿಂದ ಆಕೆಯ ಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿಯೂ ವಿಧವೆಯರಿಗೆ ದಿನದಿನದ ಆಹಾರ ಹಂಚುವುದರಲ್ಲಿ ಲೋಪವಾಗಿ ಗೊಣಗಾಟ ಎದ್ದಾಗ, ಹನ್ನೆರಡು ಮಂದಿ ಅಪೊಸ್ತಲರು ಅದನ್ನೂ ತಾವೇ ಮಾಡಲು ಹೋಗದೆ ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಗೆ ಹೇಳಿದರು.

ಇನ್ನು ಮಾಡಬೇಕಾದದ್ದು. ರೇಷ್ಮೆಯ ಕೆಲಸದಲ್ಲಿ ಒಂದು ಅನುಕೂಲವಿದೆ, ಅದು ಮೊದಲೇ ದಿನ ಹೇಳಿ ಬರುತ್ತದೆ. ಒಂದು ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ನಾಲ್ಕನೆಯ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲಿನ ಸುಮಾರು ಒಂದು ವಾರದಲ್ಲೇ ಖರ್ಚಾಗುತ್ತದೆ, ಅದರ ಬೆನ್ನಿಗೇ ಹುಳು ಹಣ್ಣಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬಂದ ದಿನವೇ ಆ ವಾರ ಯಾವುದೆಂದು ಒಂದೆರಡು ದಿನದ ಹೆಚ್ಚುಕಡಿಮೆಯಲ್ಲಿ ಎಣಿಸಬಹುದು. ಅಂದೇ ನಿಮ್ಮ ಯಜಮಾನರು ಆ ವಾರವನ್ನು ಸಭೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನಗಳಲ್ಲಿ ಫೋನು ಯಾರಿಗೆ ಹೋಗಬೇಕೆಂದು ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ಬರೆದುಕೊಡಲಿ. ಸಾವು ಹೇಳಿ ಕೇಳಿ ಬರುವುದಿಲ್ಲ, ನಿಜ. ಆದರೆ ಸಾವಿನ ಮನೆಯ ಕೆಲಸಗಳೇನು? ಸಮಾಧಿ ತೋಡಿಸುವುದು, ಪೆಟ್ಟಿಗೆ ತರಿಸುವುದು, ಶಾಮಿಯಾನ, ನೀರು, ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವುದು, ಅಯ್ಯನವರನ್ನು ಕರೆತರುವುದು. ಇವುಗಳಲ್ಲಿ ಕಾರ್ಯದರ್ಶಿಯೇ ಆಗಬೇಕಾದದ್ದು ಒಂದೂ ಇಲ್ಲ. ಹಳ್ಳಿಗೊಂದರಂತೆ ಮೂರು ನಾಲ್ಕು ಮಂದಿಯ ತಂಡ ಮಾಡಿ, ಬೈಕ್ ಇರುವ ಯುವಕರನ್ನೂ ಸೇರಿಸಿದರೆ, ಯಾವುದೇ ಸಭೆ ಇದನ್ನು ನಿಭಾಯಿಸುತ್ತದೆ.

ಆದರೂ ಅವರು ಹೊರಟೇ ಹೋಗುತ್ತಾರೆ ಎನ್ನುವುದಾದರೆ, ಎಲ್ಲರಿಗೂ ಬೇಕಾದವನಾಗಿರುವುದರಲ್ಲಿ ಮನುಷ್ಯನಿಗೆ ಸಿಗುವ ಸುಖವೂ ಇಲ್ಲಿ ಸೇರಿದೆಯೆಂದು ತಿಳಿಯಬೇಕು. ಊರವರು “ನೀವಿಲ್ಲದಿದ್ದರೆ ಆಗುತ್ತಿರಲಿಲ್ಲ ಅಣ್ಣಾ” ಎನ್ನುತ್ತಾರೆ. ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ, ಮನೆಯಲ್ಲಿ ಕಾದಿರುವುದು ಸೊಪ್ಪು ಕತ್ತರಿಸುವ ಕೆಲಸ. ಈ ವಿಷಯವನ್ನು ಹೆಂಡತಿಗಿಂತ ಸಭಾಪಾಲಕರು ಹೇಳಿದರೆ ನಾಟುತ್ತದೆ. ಅಯ್ಯನವರ ಮನೆಯ ಅಮ್ಮನವರ ಬಳಿ ಮೊದಲು ಮಾತನಾಡಿರಿ; ಸಭೆಗೆ ಗಂಡನನ್ನು ಬಿಟ್ಟುಕೊಟ್ಟ ಮನೆಯ ಪಾಡು ಅವರಿಗೆ ವಿವರಿಸಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟ ಸಂಗತಿ ನನ್ನನ್ನು ಹೆಚ್ಚು ಕಾಡಿತು. ನೀವು ಹಾಡುವುದನ್ನು ಬಿಟ್ಟಿದ್ದೀರಿ, ಸ್ತ್ರೀಯರ ಕೂಟವನ್ನೂ ಬಿಟ್ಟಿದ್ದೀರಿ. ಒಬ್ಬರ ಸೇವೆ ನಡೆಯಬೇಕಾದರೆ ಇನ್ನೊಬ್ಬರ ಸೇವೆ ನಿಲ್ಲಬೇಕೆಂಬ ಏರ್ಪಾಡನ್ನು ನಿಮ್ಮ ಮನೆಯಲ್ಲಿ ಯಾರೂ ಕುಳಿತು ತೀರ್ಮಾನಿಸಿರಲಿಕ್ಕಿಲ್ಲ, ತಾನಾಗಿಯೇ ಹಾಗಾಗಿದೆ. ಆದುದರಿಂದ ಯಜಮಾನರ ಕೆಲಸವನ್ನು ಕಡಿಮೆ ಮಾಡಿಸಿರಿ ಎನ್ನುವುದಕ್ಕಿಂತ, ನಿಮ್ಮದನ್ನು ಮತ್ತೆ ಆರಂಭಿಸಿರಿ ಎಂದೇ ಹೇಳುತ್ತೇನೆ. ಹಾಡಿನ ಅಭ್ಯಾಸದ ಸಂಜೆ ಅತ್ತೆಯವರ ಊಟ, ಹುಳುವಿನ ಸೊಪ್ಪು ಎರಡೂ ಯಜಮಾನರ ಪಾಲಿಗಿರಲಿ. ಮಗಳು ಅದೇ ಸಂಜೆ ಅಪ್ಪನ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತುಕೊಳ್ಳಬಹುದು. ಅವಳ ಮಾತನ್ನು ಕುಚೋದ್ಯವೆಂದು ತಳ್ಳಿಹಾಕದೆ, ಅವಳು ಹೇಳಿದ ಹಾಗೆಯೇ, ಒಂದಕ್ಷರ ಕೂಡಿಸದೆ ಅಪ್ಪನಿಗೆ ತಲುಪಿಸಿರಿ.

ಪ್ರಶ್ನೆ: ನಾನು ಕೆ.ಜಿ.ಎಫ್.ನವನು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದರೆ ಮನೆ ಸೇರುವುದು ರಾತ್ರಿಯೇ. ಮಕ್ಕಳು ಕಣ್ಣಿಗೆ ಬೀಳುವುದು ಭಾನುವಾರ ಮಾತ್ರ. ನಮ್ಮ ದೇವಾಲಯದ ಗುರುಗಳು ಬಡವರ ಮನೆಗಳಿಗೆ ಹೋಗಿ ನೆರವಾಗುವ ವಿನ್ಸೆಂಟ್ ದಿ ಪೌಲ್ ಸಂಘಕ್ಕೆ ಸೇರು ಎನ್ನುತ್ತಿದ್ದಾರೆ. ಇಲ್ಲವೆನ್ನಲು ಮನಸ್ಸಿಲ್ಲ, ಹೂಂ ಎನ್ನಲು ಭಯ.
– ಒಬ್ಬ ತಂದೆ, ಕೋಲಾರ ಜಿಲ್ಲೆ

ಉತ್ತರ: ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ನಿಮ್ಮೂರಿನ ಎಷ್ಟೋ ಮನೆಗಳಲ್ಲಿ ತಂದೆಯೆಂದರೆ ಭಾನುವಾರದ ಅತಿಥಿಯಾಗಿದ್ದಾನೆ. ನಿಮ್ಮ ಭಯ ಸಕಾರಣವಾದದ್ದು. ಆದರೆ ನಿಮ್ಮನ್ನು ಕರೆಯುತ್ತಿರುವ ಈ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖನಾದ ಫ್ರೆಡೆರಿಕ್ ಓಝನಾಮ್ ಗುರುವೂ ಅಲ್ಲ, ಸನ್ಯಾಸಿಯೂ ಅಲ್ಲ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಸಂಘ ಆರಂಭವಾದಾಗ ಅವನು 20 ವರ್ಷದ ವಿದ್ಯಾರ್ಥಿ. 1841ರಲ್ಲಿ ಮದುವೆಯಾಗಿ, ಒಬ್ಬ ಮಗಳ ತಂದೆಯಾಗಿ, ಪ್ರಾಧ್ಯಾಪಕನಾಗಿ ದುಡಿಯುತ್ತಲೇ ಬಡವರ ಮನೆಗಳಿಗೆ ಹೋಗುತ್ತಿದ್ದನು. ಮದುವೆಯಾದದ್ದು ಜೂನ್ 23ರಂದು. ಅದರ ನೆನಪಿಗೆ ಪ್ರತಿ ತಿಂಗಳ 23ರಂದು ಹೆಂಡತಿಗೆ ಹೂವು ಕೊಡುತ್ತಿದ್ದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. 1853ರಲ್ಲಿ, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡ ಈ ಗೃಹಸ್ಥನನ್ನು ಪೋಪ್ ಎರಡನೆಯ ಜಾನ್ ಪೌಲರು 1997ರಲ್ಲಿ ಪುನೀತರೆಂದು (ಸಂತ ಪದವಿಗೆ ಮುನ್ನಿನ ಹಂತ) ಘೋಷಿಸಿದರು.

ಸಂಘದ ಮುಖ್ಯ ಕೆಲಸವಾದ ಮನೆ ಭೇಟಿಗೆ ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಹೋಗುತ್ತಾರೆ. ನಿಮ್ಮ ಲೈನಿನಲ್ಲೇ (ಗಣಿಯವರ ಮನೆಸಾಲಿನಲ್ಲೇ) ಅಥವಾ ಪಕ್ಕದ ಲೈನಿನಲ್ಲೇ ಇರುವ ಒಂದೇ ಒಂದು ಮನೆಯ ಹೊಣೆಯನ್ನು, ನಿವೃತ್ತರಾದ ಸದಸ್ಯರೊಬ್ಬರ ಜತೆಯಲ್ಲಿ ಕೊಡಿರೆಂದು ಕೇಳಿರಿ. ಭಾನುವಾರದ ಪೂಜೆ ಮುಗಿದ ಬಳಿಕ ಆ ಮನೆಗೆ ಹೋಗಿ ಬರುವುದಕ್ಕೆ ಮಧ್ಯಾಹ್ನದ ಊಟ ತಪ್ಪಬೇಕಾಗಿಲ್ಲ. ಹುದ್ದೆ, ಲೆಕ್ಕಪತ್ರ, ಚಂದಾ ವಸೂಲಿ ಇವುಗಳನ್ನು ಸದ್ಯಕ್ಕೆ ಒಪ್ಪಿಕೊಳ್ಳಬೇಡಿರಿ. ಅಕ್ಕಿ ಬೇಳೆ ಅಳೆದು ಕಟ್ಟುವಾಗ ಮಕ್ಕಳು ನಿಮ್ಮೊಂದಿಗೆ ಕೂರಲಿ. ಆದರೆ ಅದನ್ನು ಕೊಡುವ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿರಿ, ಏಕೆಂದರೆ ಆ ಮನೆಯ ಹುಡುಗ ನಿಮ್ಮ ಮಗನ ತರಗತಿಯಲ್ಲೇ ಓದುತ್ತಿರಬಹುದು, ಸೋಮವಾರ ಶಾಲೆಯಲ್ಲಿ ಅವನು ತಲೆ ತಗ್ಗಿಸುವಂತಾಗಬಾರದು. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ನಿಮ್ಮಲ್ಲಿದ್ದರೆ ಅದನ್ನೂ ಇದೇ ಕಾರಣಕ್ಕೆ ನಿಲ್ಲಿಸಬೇಕು.

ಪ್ರಶ್ನೆ: ಅತ್ತೆಯವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆ ಆಮೇಲಾಗಲಿ, ಸಭೆಗೆ ಕೊಡುವ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ತಪ್ಪಬಾರದು ಎನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಒಬ್ಬ ಗೃಹಿಣಿ, ತುಮಕೂರು

ಉತ್ತರ: ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಇಂಥದ್ದೇ ಒಂದು ವಾಡಿಕೆಯನ್ನು ಖಂಡಿಸುತ್ತಾನೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು “ಕೊರ್ಬಾನ್”, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಅವರಿಗೆ ಏನೂ ಮಾಡದಿರುವುದು ದೇವರ ಮಾತನ್ನೇ ನಿರರ್ಥಕ ಮಾಡಿದಂತೆ ಎಂದು ಅವನು ಹೇಳಿದ ಮೇಲೆ ನಾನು ಸೇರಿಸಬೇಕಾದದ್ದು ಏನೂ ಉಳಿದಿಲ್ಲ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಕೂಡಿಟ್ಟು ದೇವಾಲಯದ ಸೇವೆಯ ಕುಲದವರಾದ ಲೇವಿಯರಿಗೂ ಪರದೇಶಿ, ಅನಾಥ, ವಿಧವೆಯರಿಗೂ ಉಣಬಡಿಸಬೇಕೆಂಬ ನಿಯಮವಿರುವುದನ್ನು ಬೇಕಾದರೆ ಅವರಿಗೆ ತೋರಿಸಿರಿ.

ಆದರೆ ನಿಮ್ಮ ಮನೆಯಲ್ಲಿ ಈ ಎರಡರಲ್ಲಿ ಒಂದನ್ನು ಬಿಡುವ ಪ್ರಮೇಯವೇ ಬರಬೇಕಾಗಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆಯುತ್ತಿದ್ದು, ಅದರಡಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಾರೆ. ಆಧಾರ್ ಮತ್ತು ರೇಷನ್ ಕಾರ್ಡು ಜತೆಯಲ್ಲಿರಲಿ. ಮೊದಲು ರಕ್ತದೊತ್ತಡ, ಸಕ್ಕರೆ ಅಂಶ ಪರೀಕ್ಷಿಸಿ, ಬಳಿಕ ದಿನ ಕೊಡುತ್ತಾರೆ. ಎರಡೂ ಕಣ್ಣಿಗೆ ಒಂದೇ ದಿನ ಮಾಡುವುದು ರೂಢಿಯಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಹಾಕಬೇಕು, ಮತ್ತೆ ತೋರಿಸಲು ಕರೆದುಕೊಂಡು ಹೋಗಬೇಕು. ಹತ್ತರಲ್ಲೊಂದು ಪಾಲಿನ ಲೆಕ್ಕವನ್ನು ಅಷ್ಟು ಕರಾರುವಾಕ್ಕಾಗಿ ಇಡುವ ನಿಮ್ಮ ಯಜಮಾನರೇ ಆ ಹೊಣೆಯನ್ನು ವಹಿಸಿಕೊಳ್ಳಲಿ.