ಸ್ಟಾರ್ಟಪ್‌ನಲ್ಲಿ ಇರುವುದನ್ನೆಲ್ಲ ಡಿಸೇಬಲ್ ಮಾಡಿದರೆ ಕಂಪ್ಯೂಟರ್ ಕೆಡುತ್ತಾ?

ಕೆಡುವುದಿಲ್ಲ. ಸ್ಟಾರ್ಟಪ್ ಅಂದರೆ ವಿಂಡೋಸ್ ಕಂಪ್ಯೂಟರ್ ಆನ್ ಆದಾಗ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ. ಡಿಸೇಬಲ್ ಅಂದರೆ ಅನ್‌ಇನ್‌ಸ್ಟಾಲ್ ಅಲ್ಲ. ಪ್ರೋಗ್ರಾಂ ಅಲ್ಲೇ ಇರುತ್ತದೆ, ನೀವು ತೆರೆಯುವವರೆಗೆ ಸುಮ್ನೆ ಇರುತ್ತದೆ. ಆದರೂ ಎಲ್ಲವನ್ನೂ ಒಂದೇ ಸಲ ತೆಗೆಯಬೇಡಿ. ನಾನು ಹಾಗೆ ಮಾಡಿ ಪೇಚಿಗೆ ಸಿಕ್ಕಿದ್ದೇನೆ.

ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಹಾರ್ಡ್ ಡಿಸ್ಕ್ ಇರುವ ಹಳೇ ಕಂಪ್ಯೂಟರ್. ಬೆಳಿಗ್ಗೆ ಆನ್ ಮಾಡಿ, ಎದುರಿನ ಹೋಟೆಲಿನಲ್ಲಿ ಟೀ ಕುಡಿದು ಬಂದರೂ ಕರ್ಸರಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ದಿನ ಸಿಟ್ಟು ಬಂದು ಪಟ್ಟಿಯನ್ನೆಲ್ಲ ಡಿಸೇಬಲ್ ಮಾಡಿದೆ. ಮರುದಿನ ಒಬ್ಬರು ಅಜ್ಜ ಬಾಡಿಗೆ ಕರಾರು ಟೈಪ್ ಮಾಡಿಸಲು ಬಂದು ಕೂತರು. ಕೀ ಒತ್ತಿದರೆ ಬರೀ ಇಂಗ್ಲಿಷ್ ಅಕ್ಷರ! ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ 'ನುಡಿ'ಯ ಶಾರ್ಟ್‌ಕಟ್ ಅನ್ನು ಯಾವಾಗಲೋ ನಾನೇ ಸ್ಟಾರ್ಟಪ್ ಫೋಲ್ಡರಿಗೆ ಹಾಕಿದ್ದೆ, ಅದೂ ಆ ಪಟ್ಟಿಯಲ್ಲೇ ಇತ್ತು. ಅಜ್ಜನ ಎದುರು ಹತ್ತು ನಿಮಿಷ ತಡಕಾಡಿದೆ.

ಈಗ ಮಾಡುವುದು ಹೀಗೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಅಂತ ಇದೆ, ವಿಂಡೋಸ್ 11ರಲ್ಲಿ 'ಸ್ಟಾರ್ಟಪ್ ಆ್ಯಪ್ಸ್'. 'ಸ್ಟಾರ್ಟಪ್ ಇಂಪ್ಯಾಕ್ಟ್' ಕಾಲಂನಲ್ಲಿ ಹೈ ಅಂತ ಕಂಡರೆ ಗಾಬರಿ ಬೇಡ. ಶುರುವಾಗುವಾಗ ಸಿಪಿಯುವಿನ 1 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಂಡರೆ, ಇಲ್ಲವೇ ಡಿಸ್ಕಿನಲ್ಲಿ ಓದುವುದು ಬರೆಯುವುದು 3 ಎಂಬಿ ದಾಟಿದರೆ ಹೈ ಅನ್ನುತ್ತದೆ. 3 ಎಂಬಿ ಅಂದರೆ ಫೋನಿನ ಒಂದು ಫೋಟೋ, ಅಷ್ಟೇ ಅಲ್ವಾ? ನಾನು ನೋಡುವುದು, ಇದು ಬೆಳಿಗ್ಗೆ ಬೆಳಿಗ್ಗೆಯೇ ನನಗೆ ಬೇಕಾ ಅಂತ. ಹಾಡಿನ ಆ್ಯಪ್, ಮೀಟಿಂಗ್ ಆ್ಯಪ್, ಆಟದ ಲಾಂಚರ್ ಬೇಡ. ವಿಂಡೋಸ್ ಸೆಕ್ಯುರಿಟಿ, ಆಡಿಯೋ, ಟಚ್‌ಪ್ಯಾಡಿನದು ಇರಲಿ. ಫೈಲುಗಳನ್ನು ಇಂಟರ್‌ನೆಟ್‌ನಲ್ಲೂ ಉಳಿಸುವ ಒನ್‌ಡ್ರೈವ್ ತೆಗೆದರೆ, ನೀವಾಗಿ ತೆರೆಯುವವರೆಗೆ ಫೈಲುಗಳು ಸಿಂಕ್ ಆಗುವುದಿಲ್ಲ, ನೆನಪಿರಲಿ. ಹೆಸರು ಗೊತ್ತಾಗದಿದ್ದರೆ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಕೊಡಿ, ಯಾರದ್ದು ಅಂತ ಸಾಮಾನ್ಯವಾಗಿ ಫೋಲ್ಡರ್ ಹೆಸರೇ ಹೇಳುತ್ತದೆ.

ಒಂದು ಸಲಕ್ಕೆ ಎರಡು ಮೂರು ಮಾತ್ರ ತೆಗೆದು, ಎರಡು ದಿನ ಕೆಲಸ ಮಾಡಿ ನೋಡಿ.

ನಿನ್ನೆಯ ಬ್ರೌಸರ್ ಇವತ್ತು ತಾನೇ ತೆರೆದುಕೊಳ್ಳುತ್ತಿದ್ದರೆ, ಅದು ಈ ಪಟ್ಟಿಯಲ್ಲಿ ಸಿಗದೇ ಇರಬಹುದು. ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ. ಲಾಗಿನ್ ಆದಾಗ ಹಿಂದಿನ ಆ್ಯಪ್‌ಗಳನ್ನು ಮತ್ತೆ ತೆರೆಯುವ ಸ್ವಿಚ್ ಅಲ್ಲಿದೆ, ಆಫ್ ಮಾಡಿ.

ಬೇಕಾದ್ದನ್ನು ಸೇರಿಸುವುದೂ ಸುಲಭ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ 'ಶೆಲ್:ಸ್ಟಾರ್ಟಪ್' ಅಂತ ಜಾಗ ಬಿಡದೆ ಬರೆದು ಎಂಟರ್ ಹೊಡೆಯಿರಿ. ತೆರೆದ ಫೋಲ್ಡರಿನಲ್ಲಿ ಶಾರ್ಟ್‌ಕಟ್ ಹಾಕಿದರೆ ಆಯಿತು. ನನ್ನದರಲ್ಲಿ ಈಗ ನುಡಿ, ದಿನದ ಲೆಕ್ಕದ ಎಕ್ಸೆಲ್ ಶೀಟ್, ಎರಡೇ ಇವೆ.

ಇಷ್ಟಾದರೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಅಂತಲೇ ನಿಂತಿದ್ದರೆ ಪಟ್ಟಿಯನ್ನು ಇನ್ನೂ ಸವರುತ್ತಾ ಕೂರಬೇಡಿ, ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ. ನಾನೂ ಕೊನೆಗೆ ಹಾಕಿಸಿದೆ.