‘ಕಾರಣಾಂತರಗಳಿಂದ’ ಎಂದು ಬರೆಯಲಾರೆ

ಓದುಗರ ಪತ್ರ: ದಕ್ಷಿಣ ಆಫ್ರಿಕಾದ ಕ್ರೈಸ್ತ ವಿದ್ಯಾರ್ಥಿ ಸಂಘದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. 1965ರಲ್ಲಿ ಒಡೆದವರು ಈಗ ಒಂದಾಗಿದ್ದಾರಲ್ಲ, ಹಳೆಯ ಗಾಯ ಕೆದಕುವುದೇಕೆ? ಭಾಷೆ ಬೇರೆ ಇದ್ದವರು ಅನುಕೂಲಕ್ಕಾಗಿ ಬೇರೆಯಾದರು, ಅಷ್ಟೇ ಅಲ್ಲವೇ? ನಾನು ಮೇಷ್ಟ್ರು. ಮಕ್ಕಳಿಗೆ ಒಗ್ಗಟ್ಟಿನ ಕತೆ ಸಾಕು.

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಪ್ರೀತಿ ಇದೆ. ತಾಯ್ನುಡಿಯಲ್ಲಿ ಪ್ರಾರ್ಥಿಸುವ ಸುಖವೇ ಬೇರೆ ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ‘ಅನುಕೂಲ’ ಅಂದಿರಲ್ಲ, ಯಾರ ಅನುಕೂಲ?

ಸಂಘ ಹುಟ್ಟಿದ್ದು 1896ರಲ್ಲಿ, ಸ್ಟೆಲೆನ್‌ಬಾಷ್‌ನಲ್ಲಿ. ಅಮೆರಿಕದ ಕ್ರೈಸ್ತ ಮುಖಂಡ ಜಾನ್ ಮಾಟ್ ಮತ್ತು ಗೆಳೆಯರು ಸ್ವೀಡನ್ನಿನ ವಾಡ್‌ಸ್ಟೆನಾದಲ್ಲಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ ಕಟ್ಟಿ ಆಗ ಒಂದೇ ವರ್ಷ. ಮುಂದೆ 1922ರಲ್ಲಿ ಮ್ಯಾಕ್ಸ್ ಯರ್ಗನ್ ಎಂಬ ಕಪ್ಪು ಅಮೆರಿಕನ್, ಕಪ್ಪು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಲು ಬಂದರು. 1930ರಲ್ಲಿ, ಕಪ್ಪು ವಿದ್ಯಾರ್ಥಿಗಳು ಓದುತ್ತಿದ್ದ ಫೋರ್ಟ್ ಹೇರ್ ಕಾಲೇಜಿನಲ್ಲಿ ಕಪ್ಪು, ಬಿಳಿಯ ವಿದ್ಯಾರ್ಥಿಗಳು ಒಟ್ಟಿಗೆ ಸಮ್ಮೇಳನ ನಡೆಸಿದರು. ಒಂದೇ ಪಂಕ್ತಿಯಲ್ಲಿ ಉಂಡರು. ದೊಡ್ಡ ಗಲಾಟೆ ಎದ್ದದ್ದು ಅದಕ್ಕೇ. ಭಾಷೆಯ ಮಾತು ಅಲ್ಲಿ ಎಲ್ಲಿ ಬಂತು, ಹೇಳಿ?

ಅದೇ ಫೋರ್ಟ್ ಹೇರ್‌ನಲ್ಲಿ ಓದುವಾಗ ನೆಲ್ಸನ್ ಮಂಡೇಲಾ ಈ ಸಂಘದ ಸದಸ್ಯರಾಗಿದ್ದರು. ಭಾನುವಾರ ಸುತ್ತಲಿನ ಹಳ್ಳಿಗಳಿಗೆ ಹೋಗಿ ಬೈಬಲ್ ಪಾಠ ಹೇಳುತ್ತಿದ್ದರು. ಮುಂದೆ ಹೋರಾಟದಲ್ಲಿ ಅವರ ಒಡನಾಡಿಯಾದ ಆಲಿವರ್ ಟಾಂಬೋ ಕೂಡ. ಇಂಥವರನ್ನು ಬೆಳೆಸಿದ ಸಂಘ ಅದು. ಅಂಥ ಸಂಘವೇ, ವಿಶ್ವ ಒಕ್ಕೂಟ ವರ್ಣಭೇದವನ್ನು ಖಂಡಿಸಿದಾಗ, ಒಕ್ಕೂಟದಿಂದ ಹೊರಬಂತು. 1965ರಲ್ಲಿ ಬಣ್ಣ, ಭಾಷೆಯ ಲೆಕ್ಕದಲ್ಲಿ ತಾನೂ ಹೋಳಾಯಿತು. ಸರ್ಕಾರ ಊರು, ಶಾಲೆಗಳನ್ನು ಯಾವ ಗೆರೆ ಎಳೆದು ಬೇರೆ ಮಾಡಿತ್ತೋ, ಪ್ರಾರ್ಥನೆಯೂ ಅದೇ ಗೆರೆಯಲ್ಲಿ ಸೀಳಿತು.

ಆಗ ಹೊರಗುಳಿದವರನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. 1967ರಲ್ಲಿ ಗ್ರಹಾಮ್ಸ್‌ಟೌನ್‌ನಲ್ಲಿ ಎಲ್ಲರಿಗೂ ಬಾಗಿಲು ತೆರೆದ ಯೂನಿವರ್ಸಿಟಿ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬ ಹೊಸ ವಿದ್ಯಾರ್ಥಿ ಸಂಘ ಹುಟ್ಟಿತು. ಮರುವರ್ಷ ಸ್ಟಟರ್‌ಹೈಮ್ ಎಂಬ ಪಟ್ಟಣದಲ್ಲಿ ಅವರ ಸಮ್ಮೇಳನ. ಪರವಾನಗಿ ಇಲ್ಲದ ಕಪ್ಪು ಜನ ಪಟ್ಟಣದಲ್ಲಿ 72 ಗಂಟೆಗಿಂತ ಜಾಸ್ತಿ ಇರುವಂತಿರಲಿಲ್ಲ. ಗಡುವು ಹತ್ತಿರ ಬಂತು. ಊರ ಗಡಿ ದಾಟಿ ಮತ್ತೆ ಒಳಗೆ ಬಂದರೆ ಗಡಿಯಾರ ಹೊಸದಾಗಿ ಶುರು. ಹಾಗೆ ಮಾಡೋಣವೇ, ಇಲ್ಲ ಹಿಡಿದುಕೊಂಡು ಹೋಗಲಿ ಎಂದು ಕೂತೇ ಬಿಡೋಣವೇ? ಕ್ರಿಸ್ತನ ಹೆಸರಿನಲ್ಲಿ ಸೇರಿದ ಹುಡುಗರು ಇದನ್ನು ಚರ್ಚಿಸಬೇಕಾಯಿತು! ಮುಂದೆ ಕಪ್ಪು ಜನರ ಹೋರಾಟದ ದೊಡ್ಡ ನಾಯಕರಾದ ಸ್ಟೀವ್ ಬೀಕೋ ಅಲ್ಲಿದ್ದರು. ಕಪ್ಪು ವಿದ್ಯಾರ್ಥಿಗಳು ಬೇರೆಯೇ ಕೂತು ಮಾತಾಡಿದರು. ಮರುವರ್ಷ ಅವರದೇ ಸಂಘಟನೆ ‘ಸಾಸೋ’ (ದಕ್ಷಿಣ ಆಫ್ರಿಕಾ ವಿದ್ಯಾರ್ಥಿ ಸಂಘಟನೆ) ಶುರುವಾಯಿತು. ಅವರು ಬೇರೆಯಾದದ್ದಕ್ಕೂ 1965ರ ಒಡಕಿಗೂ ಎಷ್ಟು ಅಂತರ ನೋಡಿ: ಇದು ತುಳಿತಕ್ಕೊಳಗಾದವರೇ ಮಾಡಿದ ಆಯ್ಕೆ, ಅದು ಸರ್ಕಾರದ ಗೆರೆಗೆ ತಲೆಬಾಗಿದ್ದು.

ಹಳೆಯ ಸಂಘದ ಹೋಳುಗಳು ಸೇರಿ ಒಂದೇ ವಿದ್ಯಾರ್ಥಿ ಸಂಘಟನೆಯಾದದ್ದು 1990ರ ದಶಕದಲ್ಲಿ, ವರ್ಣಭೇದದ ಆಡಳಿತ ಮುಗಿದ ಮೇಲೆ. ನನಗೂ ಖುಷಿಯಿದೆ. ಆದರೆ ಸುಮ್ನೆ ಬೋರ್ಡು ಬದಲಾದರೆ ಮುಗಿಯಿತೇ? ಮೂವತ್ತು ವರ್ಷ ಬೇರೆ ಬಾಗಿಲಲ್ಲಿ ನಿಂತವರ ಮಾತನ್ನು ಯಾರಾದರೂ ಕೇಳಬೇಕು, ಅಲ್ವಾ?

ಇದು ಒಂದು ದೇಶದ ರೋಗವಲ್ಲ. ಚಿಕ್ಕ ವಯಸ್ಸಿನಲ್ಲಿ ಒಂದು ಸಂಸ್ಥೆಯ ಸ್ಮರಣ ಸಂಚಿಕೆಗೆ ಕೆಲಸ ಮಾಡಿದ್ದೆ. ಸಂಸ್ಥೆ ಒಡೆದಿದ್ದ ಒಂಬತ್ತು ವರ್ಷಗಳ ಕತೆಯನ್ನು ಎರಡು ಪುಟ ಬರೆದುಕೊಟ್ಟೆ. ಅಚ್ಚಾಗಿ ಬಂದದ್ದು ಒಂದೇ ಸಾಲು: ‘ಕಾರಣಾಂತರಗಳಿಂದ ಕೆಲಕಾಲ ಎರಡು ಸಂಘಗಳಿದ್ದವು.’ ಹೊರದೂಡಲ್ಪಟ್ಟ ಹಿರಿಯರೊಬ್ಬರು ಆ ಸಾಲನ್ನು ಓದಿ, ಪುಸ್ತಕ ಮುಚ್ಚಿ, ಏನೂ ಹೇಳದೆ ಎದ್ದು ಹೋದರು. ಅಂದಿನಿಂದ ನನ್ನ ಕೈಯಿಂದ ಆ ಪದ ಬರೆಯಲಾಗಿಲ್ಲ.

ಮೇಷ್ಟ್ರೇ, ಸ್ಟಟರ್‌ಹೈಮ್‌ನ ಆ 72 ಗಂಟೆಯ ಕತೆಯನ್ನು ನಿಮ್ಮ ತರಗತಿಯಲ್ಲಿ ಒಮ್ಮೆ ಹೇಳಿ. ಮಕ್ಕಳು ಏನು ಕೇಳಿದರು ಅಂತ ಬರೆದು ಕಳಿಸಿ. ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕುತ್ತೇನೆ.