ಇಟಲಿಯ ನೇಪಲ್ಸ್‌ನಲ್ಲಿ ಎರಡು ದಿನ: ಪಾಂಪೇ ಮತ್ತು ಕಾಪ್ರಿ ಎರಡೂ ಆಗುತ್ತಾ?
ಶುಕ್ರವಾರ ರಾತ್ರಿ ತಲುಪಿ ಭಾನುವಾರ ರಾತ್ರಿ ಹೊರಡುತ್ತೇವೆ, ಅಮ್ಮ ಜೊತೆಗಿದ್ದಾರೆ, ಶುದ್ಧ ಸಸ್ಯಾಹಾರಿಗಳು ಅಂತ ಬರೆದಿದ್ದೀರಿ. ಕಾಪ್ರಿ ದ್ವೀಪ ಬಿಟ್ಟುಬಿಡಿ. ದೋಣಿಗೆ ಕಾಯೋದು, ಹೋಗಿ ಬರೋದು ಇದರಲ್ಲೇ ಬಹಳ ಹೊತ್ತು ಹೋಗುತ್ತದೆ.

ಶನಿವಾರ ಬೆಳಿಗ್ಗೆಯೇ ಪಾಂಪೇ ನೋಡಿ. ಗರಿಬಾಲ್ಡಿ ನಿಲ್ದಾಣದಿಂದ ಸೊರೆಂಟೊ ಕಡೆಯ ಚಿರ್ಕುಮ್‌ವೆಸುವಿಯಾನಾ ರೈಲು ಹಿಡಿದು 'ಪಾಂಪೇ ಸ್ಕಾವಿ'ಯಲ್ಲಿ ಇಳಿಯಿರಿ. ಸುಮಾರು 40 ನಿಮಿಷದ ದಾರಿ. ರೈಲಿನಲ್ಲಿ ನೂಕುನುಗ್ಗಲು ಜಾಸ್ತಿ, ಪರ್ಸ್ ಜೋಪಾನ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರು ಅದು. ಬೀದಿಗಳೆಲ್ಲ ಏರುಪೇರಿನ ಕಲ್ಲುಹಾಸು, ನೆರಳು ಕಡಿಮೆ. ಅಮ್ಮನಿಗೆ ಗಟ್ಟಿ ಶೂ, ಟೋಪಿ ಇರಲಿ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಆದರೆ ವಿಪರೀತ ಜನ. ಅದಕ್ಕೇ ಶನಿವಾರ ಅಂದಿದ್ದು.

ಭಾನುವಾರ ಹಳೇ ಊರಿನ ಸ್ಪಕ್ಕನಾಪೊಲಿ ಬೀದಿಯಲ್ಲಿ ಸುಮ್ನೆ ನಡೆಯಿರಿ. ಸಾನ್ಸೆವೆರೊ ಚಾಪೆಲ್‌ನ ಮುಸುಕು ಹೊದ್ದ ಕ್ರಿಸ್ತನ ಶಿಲ್ಪವನ್ನು ತಪ್ಪಿಸಬೇಡಿ. ಅಮೃತಶಿಲೆಯಲ್ಲಿ ಅಷ್ಟು ತೆಳ್ಳಗಿನ ಬಟ್ಟೆ ಕೆತ್ತಿದ್ದಾರೆ ಅಂದರೆ ನಂಬೋಕೇ ಆಗಲ್ಲ! ಟಿಕೆಟ್ ಈಗಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಸಂಜೆ ಕಡಲ ದಂಡೆಯಿಂದ ವೆಸುವಿಯಸ್ ನೋಡಿ.

ಊಟದ ವಿಷಯ ಸ್ವಲ್ಪ ಗಮನ ಕೊಡಿ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಚೀಸ್ ಇಲ್ಲ, ರುಚಿಯೂ ಸೊಗಸು. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲು ಹೆಪ್ಪುಗಟ್ಟಿಸುವ ಪದಾರ್ಥ) ಬಳಸುತ್ತಾರೆ, ಅದು ನಿಮಗೆ ಆಗಲ್ಲ. ಸ್ಫೋಲಿಯತೆಲ್ಲಾ ಸಿಹಿಯಲ್ಲಿ, ಮೆಣಸಿನ ತರಾಲ್ಲಿಯಲ್ಲಿ (ಉಂಗುರದಂಥ ಗರಿಗರಿ ತಿಂಡಿ) ಹಂದಿ ಕೊಬ್ಬು ಹಾಕುವ ರೂಢಿ ಇದೆ. 'ಸೆನ್ಸಾ ಸ್ತ್ರುತ್ತೊ?' ಅಂದರೆ ಹಂದಿ ಕೊಬ್ಬಿಲ್ಲದ್ದಾ ಅಂತ. ಕೇಳಿಯೇ ತಿನ್ನಿ.